ಹೇಳಿದ ಮಾತ್ರಕ್ಕೆ ಕಲಿಸಿದಂತಾಗಲ್ಲ

ಹಳೇ ಮನೆಗಳಲ್ಲಿ ಸೂರಿನಿಂದ ವೈರ್ ಇಳಿಬಿಟ್ಟು ಬಲ್ಬ್ ನೇತುಹಾಕಿರುತ್ತಾರಲ್ಲ, ಆ ಹೋಲ್ಡರಿನ ಮುಚ್ಚಳ ತಿರುಗಿಸಿ ಬಿಚ್ಚಿದರೆ ಒಳಗೊಂದು ಗಂಟು ಕಾಣುತ್ತದೆ. ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಹಾಕಿದ್ದರೆ ಕಾಣುತ್ತದೆ ಅನ್ನಿ. ಯಾರಾದರೂ ವೈರ್ ಜಗ್ಗಿದರೆ ಸ್ಕ್ರೂ ಬಿಗಿದ ತುದಿ ಕಿತ್ತು ಬರಬಾರದು, ಎಳೆತವೆಲ್ಲ ಗಂಟಿನಲ್ಲೇ ನಿಲ್ಲಬೇಕು. ಅದಕ್ಕೆ ಈ ಏರ್ಪಾಡು. ಹಾಕುವುದು ಹೀಗೆ: ಜೋಡಿ ವೈರಿನ ತುದಿಯನ್ನು ಆರು ಇಂಚು ಬಿಡಿಸಿಕೊಳ್ಳಿ. ಬಲಗಡೆಯ ಎಳೆಯನ್ನು ಮುಖ್ಯ ವೈರಿನ ಮುಂದಿನಿಂದ ಎಡಕ್ಕೆ ತಂದು ಕುಣಿಕೆ ಮಾಡಿ. ಎಡಗಡೆಯ ಎಳೆಯನ್ನು ಆ ಮೊದಲ ಎಳೆಯ ತುದಿಯ ಮುಂದಿನಿಂದ ಇಳಿಸಿ, ಮುಖ್ಯ ವೈರಿನ ಹಿಂದಿನಿಂದ ಬಲಕ್ಕೆ ತಂದು, ಬಲಗಡೆಯ ಕುಣಿಕೆಯೊಳಗೆ ಹಿಂದಿನಿಂದ ತೂರಿಸಿ. ಎರಡೂ ತುದಿ ಸಮ ಇರುವಂತೆ ಹಿಡಿದು ಬಿಗಿ ಮಾಡಿ.

ಏನಾದರೂ ತಲೆಗೆ ಹೋಯಿತಾ? ಹೋಗಿರಲಾರದು. ತಪ್ಪು ನಿಮ್ಮದಲ್ಲ. ನಾನೂ ಒಂದು ಹೆಜ್ಜೆಯನ್ನೂ ಬಿಡದೆ ಹೇಳಿದ್ದೇನೆ. ಆದರೂ ನಿಮ್ಮ ಕೈಗೆ ಗಂಟು ಬರಲಿಲ್ಲ.

1940ರ ದಶಕದಲ್ಲಿ ಅಮೆರಿಕದ ಫ್ಯಾಕ್ಟರಿಗಳಲ್ಲಿ ಮೇಸ್ತ್ರಿಗಳನ್ನು ಕೂರಿಸಿಕೊಂಡು ಇದೇ ಗಂಟಿನಿಂದ ಒಂದು ಪಾಠ ಮಾಡುತ್ತಿದ್ದರು. ಸುಮಾರು ಹತ್ತು ಜನ ಕೂತಿರುತ್ತಾರೆ. ತರಬೇತಿ ಕೊಡುವವ ಒಬ್ಬರನ್ನು ಮುಂದೆ ಕರೆದು, ಗಂಟು ಹಾಕುವ ಬಗೆಯನ್ನು ಬರೀ ಬಾಯಲ್ಲಿ ಹೇಳುತ್ತಾನೆ. ಈಗ ಹಾಕಿ ಅನ್ನುತ್ತಾನೆ. ಅವರಿಗೆ ಆಗುವುದಿಲ್ಲ. ಇನ್ನೊಬ್ಬರನ್ನು ಕರೆಯುತ್ತಾನೆ. ಈ ಸಲ ಮಾತಿಲ್ಲ, ಸುಮ್ನೆ ಮಾಡಿ ತೋರಿಸುತ್ತಾನೆ. ಅವರಿಗೂ ಆಗುವುದಿಲ್ಲ. ಆಮೇಲೆ ಮೂರನೆಯವರನ್ನು ಕರೆದು, ಕ್ರಮ ಪ್ರಕಾರ ಕಲಿಸುತ್ತಾನೆ. ಕೆಲವೇ ನಿಮಿಷದಲ್ಲಿ ಅವರು ತಾವೇ ಗಂಟು ಹಾಕಿ ತೋರಿಸುತ್ತಾರೆ. ಮೂರೂ ನೋಡಿದ ಮೇಸ್ತ್ರಿಗಳಿಗೆ ಬೇರೆ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಮ್ಮ ಶೆಡ್ಡಿನಲ್ಲಿ ಹೊಸಬರು ಬಂದಾಗ ತಾವು ಮಾಡುತ್ತಿದ್ದದ್ದು ಮೊದಲ ಎರಡನ್ನೇ ಅಂತ ಅವರಿಗೇ ಹೊಳೆಯುತ್ತಿತ್ತು.

ನಾವು ಇವತ್ತೂ ಮಾಡುತ್ತಿರುವುದು ಅದನ್ನೇ. ನನ್ನದೇ ಒಂದು ಕಥೆ ಹೇಳುತ್ತೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ, ಹೆಸರು ಬೇಡ, ಸೇರಿದ ಮೊದಲ ವಾರವೇ ಬೆಂಕಿ ಸುರಕ್ಷತೆಯ ತರಬೇತಿ ಆಯಿತು. ಏಸಿ ಹಾಲ್, ಪರದೆಯ ಮೇಲೆ ಸ್ಲೈಡ್ ಮೇಲೆ ಸ್ಲೈಡ್, ಮಧ್ಯೆ ಸಮೋಸ ಮತ್ತು ಟೀ. ಬೆಂಕಿ ನಂದಿಸುವ ಸಿಲಿಂಡರ್ ಬಳಸುವುದು ಹೇಗೆ ಅನ್ನುವ ನಾಲ್ಕು ಚಿತ್ರವನ್ನೂ ತೋರಿಸಿದರು. ಪಿನ್ ಎಳೆಯಿರಿ, ಬೆಂಕಿಯ ಬುಡಕ್ಕೆ ಗುರಿ ಇಡಿ, ಹಿಡಿ ಒತ್ತಿ, ಅತ್ತಿಂದಿತ್ತ ಆಡಿಸಿ. ರಿಜಿಸ್ಟರಿಗೆ ಸಹಿ ಹಾಕಿ ಬಂದೆವು. ಏಳೆಂಟು ತಿಂಗಳ ಮೇಲೆ ಒಂದು ದಿನ ಮೂಲೆಯ ಸ್ವಿಚ್ ಬೋರ್ಡಿನಿಂದ ಹೊಗೆ ಬಂತು. ಸಿಲಿಂಡರ್ ಗೋಡೆಯಲ್ಲೇ ಇತ್ತು. ನಾವು ಮೂವರು ಅದನ್ನು ಇಳಿಸಿಕೊಂಡು, ಅದರ ಮೇಲಿನ ಲೇಬಲ್ ಓದುತ್ತಾ ನಿಂತೆವು! ಪಿನ್ ಎಳೆದರೆ ಬರಲೇ ಇಲ್ಲ. ಅಷ್ಟರಲ್ಲಿ ಸೆಕ್ಯೂರಿಟಿಯವರು ಓಡಿ ಬಂದು ಮೇನ್ ಸ್ವಿಚ್ ಆಫ್ ಮಾಡಿದರು. ದೊಡ್ಡದೇನೂ ಆಗಲಿಲ್ಲ. ರಿಜಿಸ್ಟರಿನ ಪ್ರಕಾರ ನಾವು ಮೂವರೂ ತರಬೇತಿ ಪಡೆದವರೇ.

ಲೆನ್ಸ್ ಉಜ್ಜುವವರು ಸಿಗದಿದ್ದಾಗ

ಆ ಗಂಟಿನ ಪಾಠದ ಹಿಂದಿನ ಯೋಜನೆಯ ಹೆಸರು 'ಟ್ರೈನಿಂಗ್ ವಿದಿನ್ ಇಂಡಸ್ಟ್ರಿ'. ಚಿಕ್ಕದಾಗಿ ಟಿಡಬ್ಲ್ಯುಐ. ಅಮೆರಿಕ ಸರ್ಕಾರ ಇದನ್ನು ಶುರು ಮಾಡಿದ್ದು 1940ರ ಆಗಸ್ಟಿನಲ್ಲಿ. ಆಗ ಯೂರೋಪಿನಲ್ಲಿ ಯುದ್ಧ ನಡೆಯುತ್ತಿತ್ತು. ಫ್ಯಾಕ್ಟರಿಗಳಿಗೆ ಆರ್ಡರ್ ರಾಶಿ ಬಿದ್ದಿತ್ತು, ಆದರೆ ಪಳಗಿದ ಕೈಗಳು ಸಾಲುತ್ತಿರಲಿಲ್ಲ. ಮುಂದೆ ಅಮೆರಿಕವೇ ಯುದ್ಧಕ್ಕೆ ಇಳಿದು ಗಂಡಸರು ಸೇನೆಗೆ ಹೋದ ಮೇಲೆ, ಯಂತ್ರ ಮುಟ್ಟಿಯೇ ಗೊತ್ತಿಲ್ಲದ ಹೆಂಗಸರು, ಹೊಲ ಬಿಟ್ಟು ಬಂದ ರೈತರು ಸಾಲುಸಾಲಾಗಿ ಕೆಲಸಕ್ಕೆ ಬಂದರು. ಎಲ್ಲರೂ ದೊಡ್ಡವರೇ. ಇವರನ್ನು ಶಾಲೆಗೆ ಕಳಿಸಿ ಕೂರಿಸುವಷ್ಟು ಪುರಸೊತ್ತು ಯಾರಿಗಿದೆ? ಕೆಲಸದ ಜಾಗದಲ್ಲೇ ಕಲಿಸಬೇಕು. ಕಲಿಸುವವರೂ ಬೇರೆ ಮೇಷ್ಟರಲ್ಲ, ಅಲ್ಲಿನ ಮೇಸ್ತ್ರಿಗಳೇ.

ಯೋಜನೆ ನಡೆಸಿದ ಚಾನಿಂಗ್ ಡೂಲಿ, ವಾಲ್ಟರ್ ಡೀಟ್ಜ್, ಮೈಕ್ ಕೇನ್ ಮುಂತಾದವರು ಕಂಪನಿಗಳಿಂದ ಬಂದವರು. ಶುರುವಿನಲ್ಲೇ ಅವರ ಮುಂದೆ ಬಂದದ್ದು ಲೆನ್ಸ್ ಉಜ್ಜುವವರ ಬರ. ಬಾಂಬ್ ಗುರಿ ಹಿಡಿಯುವ ಯಂತ್ರಗಳಿಗೆ ಲೆನ್ಸ್ ಬೇಕು. ಆದರೆ ಒಬ್ಬ ಪಕ್ಕಾ ಲೆನ್ಸ್ ಕೆಲಸಗಾರ ತಯಾರಾಗಲು ಐದು ವರ್ಷ ಹಿಡಿಯುತ್ತದೆ ಅನ್ನುವುದು ಆಗಿನ ನಂಬಿಕೆ. ಇವರು ಹೋಗಿ ಆ ಕೆಲಸವನ್ನು ಕೂತು ನೋಡಿದರು. ಅದು ಒಂದು ಕೆಲಸವಾಗಿರಲೇ ಇಲ್ಲ, ಇಪ್ಪತ್ತರಷ್ಟು ಬೇರೆ ಬೇರೆ ಕೆಲಸಗಳ ಕಟ್ಟು. ಅದರಲ್ಲಿ ಹೆಚ್ಚಿನವು ಅಂಥ ಕಷ್ಟದವೇನೂ ಅಲ್ಲ. ಅವನ್ನು ಬೇರೆಯವರಿಗೆ ಹಂಚಬಹುದು. ನಿಜವಾಗಿ ಕೈಚಳಕ ಬೇಡುವುದು ಕೆಲವೇ ಕೆಲವು. ಆ ಕೆಲವನ್ನೂ ತುಂಡು ತುಂಡಾಗಿ ಬಿಡಿಸಿ ಕಲಿಸಿದಾಗ, ವರ್ಷಗಳ ಲೆಕ್ಕ ತಿಂಗಳುಗಳಿಗೆ ಇಳಿಯಿತು.

ಕಲಿಸುವುದು ಹೇಗೆ ಅನ್ನುವ ತರಬೇತಿ ಎರಡೆರಡು ಗಂಟೆಯ ಐದು ಪಾಠ, ಅಷ್ಟೇ. ಕಲಿಸುವ ಕ್ರಮ ಪೂರ್ತಿ ಜೇಬಿನಲ್ಲಿ ಹಿಡಿಯುವ ಒಂದು ಕಾರ್ಡಿನಲ್ಲಿತ್ತು. ಅದರಲ್ಲಿದ್ದ ಒಂದು ಸಾಲು ಹೆಚ್ಚುಕಡಿಮೆ ಹೀಗಿದೆ: ಕೆಲಸಗಾರ ಕಲಿತಿಲ್ಲ ಅಂದರೆ, ಕಲಿಸುವವ ಕಲಿಸಿಲ್ಲ. ನಮ್ಮಲ್ಲಿ ಇದು ಉಲ್ಟಾ, ಅಲ್ವಾ? 'ಅಷ್ಟು ಸಲ ಹೇಳಿದೀನಿ, ಅವನ ತಲೆಗೇ ಹೋಗಲ್ಲ ಸಾರ್' ಅನ್ನುವ ಮಾತು ಯಾವ ವರ್ಕ್‌ಶಾಪಿಗೆ ಹೋದರೂ ಕೇಳಿಸುತ್ತದೆ. 1945ರಲ್ಲಿ ಯೋಜನೆ ಮುಗಿಯುವ ಹೊತ್ತಿಗೆ 16,500ಕ್ಕೂ ಜಾಸ್ತಿ ಫ್ಯಾಕ್ಟರಿಗಳಲ್ಲಿ ಒಟ್ಟು 17 ಲಕ್ಷಕ್ಕೂ ಮೇಲೆ ಸರ್ಟಿಫಿಕೇಟ್ ಕೊಟ್ಟಿದ್ದರು. ಅಮೆರಿಕ ಆಮೇಲೆ ಇದನ್ನು ಬಹುಮಟ್ಟಿಗೆ ಮರೆಯಿತು. ಜಪಾನ್ ಮರೆಯಲಿಲ್ಲ. ಟೊಯೋಟಾ 1951ರಲ್ಲಿ ಇದನ್ನು ತನ್ನೊಳಗೆ ತಂದುಕೊಂಡಿತು. 1999ರಿಂದ ನಮ್ಮ ಬಿಡದಿಯಲ್ಲಿ ಕಾರು ಮಾಡುತ್ತಿರುವುದೂ ಅದೇ ಟೊಯೋಟಾ ಬಳಗವೇ.

ಬಲ್ಲವರಿಗೇ ಕಲಿಸುವುದು ಕಷ್ಟ

ಚೆನ್ನಾಗಿ ಕೆಲಸ ಬಲ್ಲವನು ಚೆನ್ನಾಗಿ ಕಲಿಸುತ್ತಾನೆ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಆಗುವುದು ಅದಕ್ಕೆ ತದ್ವಿರುದ್ಧ.

1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಅನ್ನುವ ವಿದ್ಯಾರ್ಥಿನಿ ಒಂದು ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡೊಂದನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾ ಅದರ ತಾಳವನ್ನು ಮೇಜಿನ ಮೇಲೆ ಬೆರಳಲ್ಲಿ ಕುಟ್ಟಬೇಕು. ಎದುರಿಗಿದ್ದವರು ಹಾಡು ಯಾವುದು ಅಂತ ಹೇಳಬೇಕು. ಅರ್ಧದಷ್ಟು ಜನ ಕಂಡುಹಿಡಿಯುತ್ತಾರೆ ಅಂತ ಕುಟ್ಟಿದವರ ಅಂದಾಜು. 120 ಹಾಡುಗಳಲ್ಲಿ ಕಂಡುಹಿಡಿದದ್ದು ಮೂರು. ಕುಟ್ಟುವವರ ತಲೆಯೊಳಗೆ ಹಾಡು ಪೂರ್ತಿ ಮೊಳಗುತ್ತಿರುತ್ತದೆ. ಎದುರಿನವರಿಗೆ ಕೇಳುವುದು ಬರೀ ಟಕ್ ಟಕ್. ಹದಿನೈದು ವರ್ಷ ಲೇತ್ ಮೇಲೆ ನಿಂತವರು ಹೊಸ ಹುಡುಗನಿಗೆ 'ನೋಡ್ಕೊಂಡು ಹಿಡಿಯಪ್ಪಾ' ಅಂದಾಗ ಆಗುವುದೂ ಇದೇ. ನೋಡಬೇಕಾದ್ದು ಏನನ್ನು, ಹಿಡಿಯಬೇಕಾದ್ದು ಎಷ್ಟು ಬಿಗಿಯಾಗಿ ಅನ್ನುವುದೆಲ್ಲ ಅವರ ಕೈಯಲ್ಲಿದೆ, ಬಾಯಿಗೆ ಬರುವುದಿಲ್ಲ.

ಇದಕ್ಕೆ ಟಿಡಬ್ಲ್ಯುಐ ಕಂಡುಕೊಂಡ ಮದ್ದು ಒಂದು ಹಾಳೆ. ಕಲಿಸುವ ಮುಂಚೆ ಕೆಲಸವನ್ನು ಎರಡು ಸಾಲಾಗಿ ಬರೆದುಕೊಳ್ಳಬೇಕು. ಎಡಗಡೆ ಮುಖ್ಯ ಹೆಜ್ಜೆಗಳು. ಬಲಗಡೆ ಆ ಹೆಜ್ಜೆಯ ಗುಟ್ಟು. ಯಾವುದು ತಪ್ಪಿದರೆ ಕೆಲಸವೇ ಕೆಡುತ್ತದೆ, ಯಾವುದು ತಪ್ಪಿದರೆ ಕೈಗೆ ಪೆಟ್ಟಾಗುತ್ತದೆ, ಯಾವುದು ಗೊತ್ತಿದ್ದರೆ ಕೆಲಸ ಹಗುರಾಗುತ್ತದೆ, ಅವು ಮಾತ್ರ. ಈ ಬಲಗಡೆಯ ಸಾಲಿಗೆ ನಮ್ಮಲ್ಲಿ ಒಳ್ಳೆಯ ಹೆಸರೇ ಇದೆ: ಹದ.

ದೋಸೆ ಹುಯ್ಯುವುದನ್ನೇ ತೆಗೆದುಕೊಳ್ಳಿ. ಎಡಗಡೆ ಬರೆಯುವುದು ಸುಲಭ. ಕಾವಲಿ ಕಾಯಿಸು, ಹಿಟ್ಟು ಹುಯ್ಯಿ, ಹರಡು, ಎಣ್ಣೆ ಬಿಡು, ಎಬ್ಬಿಸು. ಇದಿಷ್ಟು ಗೊತ್ತಿದ್ದೂ ಮೊದಲ ಹತ್ತು ದೋಸೆ ಚಿಂದಿಯಾಗುತ್ತವೆ. ಯಾಕೆಂದರೆ ಕಾವಲಿ ಕಾಯಿಸು ಅನ್ನುವುದರ ಬಲಗಡೆ ಏನಿದೆ ಅಂತ ಯಾರೂ ಹೇಳಿರುವುದಿಲ್ಲ. ನೀರು ಚಿಮುಕಿಸಿದರೆ ಚುಂಯ್ ಅಂತ ಹಾರಿಹೋಗಬೇಕು. ಆದರೆ ಕಾವು ಅತಿಯಾದರೆ ಹಿಟ್ಟು ಹರಡುವುದಿಲ್ಲ, ಸೌಟಿಗೇ ಅಂಟಿಕೊಂಡು ಬರುತ್ತದೆ. ಆಗ ಚೂರು ನೀರು ಹಾಕಿ ಒರೆಸಿ, ಕಾವು ಇಳಿಸಿ ಹುಯ್ಯಬೇಕು. ಹರಡುವಾಗ ಸೌಟನ್ನು ಒತ್ತಬಾರದು, ತೇಲಿಸಬೇಕು. ಅಮ್ಮಂದಿರಿಗೆ ಇದೆಲ್ಲ ಗೊತ್ತು. ಕೇಳಿದರೆ 'ಅಂದಾಜಲ್ಲಿ ಮಾಡೋದು ಕಣೋ' ಅಂತಾರೆ. ಆ ಅಂದಾಜನ್ನು ಹಾಳೆಯ ಬಲಗಡೆಗೆ ತಂದುಕೊಳ್ಳುವುದೇ ಕಲಿಸುವವನ ಅರ್ಧ ಕೆಲಸ. ನನ್ನ ಮಟ್ಟಿಗೆ ಮುಕ್ಕಾಲು.

ನನಗೆ ಬಾರದ ಆ ಪಿನ್ ಇತ್ತಲ್ಲ, ಅದರ ಗುಟ್ಟು ನನಗೆ ಆಮೇಲೆ ಗೊತ್ತಾಯಿತು. ಗಾಬರಿಯಲ್ಲಿ ಹಿಡಿಯನ್ನು ಬಿಗಿಯಾಗಿ ಒತ್ತಿಕೊಂಡೇ ಪಿನ್ ಎಳೆದರೆ ಪಿನ್ ಕಚ್ಚಿಕೊಳ್ಳುತ್ತದೆ. ಕೈ ಸಡಿಲ ಬಿಟ್ಟು ಎಳೆದರೆ ಸಲೀಸಾಗಿ ಬರುತ್ತದೆ. ಸ್ಲೈಡಿನಲ್ಲಿ 'ಪಿನ್ ಎಳೆಯಿರಿ' ಅಂತ ಇತ್ತು. ಎಡಗಡೆಯ ಸಾಲು ಮಾತ್ರ.

ಹಾಳೆ ತಯಾರಾದ ಮೇಲೆ ಕಲಿಸುವ ಕ್ರಮಕ್ಕೆ ನಾಲ್ಕು ಹಂತ. ಇದರ ಮೂಲ ಟಿಡಬ್ಲ್ಯುಐಗೂ ಹಳೆಯದು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಹಡಗು ಕಟ್ಟುವವರಿಗೆ ಕಲಿಸಲು ಚಾರ್ಲ್ಸ್ ಆಲನ್ ಅನ್ನುವವರು ಇದನ್ನು ಬಳಸಿದ್ದರು. ಮೊದಲು ಕಲಿಯುವವರನ್ನು ಸಿದ್ಧ ಮಾಡುವುದು. ಆಮೇಲೆ ತೋರಿಸುವುದು. ಆಮೇಲೆ ಅವರ ಕೈಯಲ್ಲಿ ಮಾಡಿಸುವುದು. ಕೊನೆಗೆ ಬಿಟ್ಟು, ಆದರೆ ಕಣ್ಣಿಟ್ಟಿರುವುದು.

ಕೇಳಿದರೆ ಇದರಲ್ಲೇನಿದೆ ಮಹಾ ಅನ್ನಿಸುತ್ತದೆ. ಇರುವುದೆಲ್ಲ ಒಳಗಿನ ಸಣ್ಣ ಸಣ್ಣ ವಿಷಯಗಳಲ್ಲಿ. ಸಿದ್ಧ ಮಾಡುವಾಗ, ಈ ಕೆಲಸದ ಬಗ್ಗೆ ನಿಮಗೆ ಈಗಾಗಲೇ ಎಷ್ಟು ಗೊತ್ತು ಅಂತ ಮೊದಲು ಕೇಳಬೇಕು. ದೊಡ್ಡವರ ಮಟ್ಟಿಗೆ ಈ ಒಂದು ಪ್ರಶ್ನೆ ಬಹಳ ಕೆಲಸ ಮಾಡುತ್ತದೆ. ಮನೆಯಲ್ಲಿ ಹೊಲಿಗೆ ಮಿಷನ್ ತುಳಿದು ಗೊತ್ತಿರುವ ಹೆಂಗಸಿಗೆ ಸೂಜಿಗೆ ದಾರ ಪೋಣಿಸುವುದರಿಂದ ಪಾಠ ಶುರು ಮಾಡಿದರೆ ಅವಮಾನ ಮಾಡಿದ ಹಾಗೆ. ಆಮೇಲೆ, ಕಲಿಯುವವರನ್ನು ಎದುರಿಗೆ ನಿಲ್ಲಿಸಿಕೊಳ್ಳಬಾರದು, ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕು. ಎದುರಿಗೆ ನಿಂತರೆ ನಿಮ್ಮ ಬಲಗೈ ಅವರಿಗೆ ಎಡಗಡೆ ಕಾಣುತ್ತದೆ. ಗಂಟಿನ ಪಾಠದಲ್ಲಿ ಎರಡನೆಯವರು ಸೋಲಲು ಇದೂ ಒಂದು ಕಾರಣ. ತೋರಿಸುವಾಗ ಒಂದು ಸಲಕ್ಕೆ ಒಂದು ಹೆಜ್ಜೆ. ಹೊಸ ಸಂಗತಿಗಳನ್ನು ನಮ್ಮ ತಲೆ ಒಂದು ಹೊತ್ತಿಗೆ ಮೂರು ನಾಲ್ಕಕ್ಕಿಂತ ಜಾಸ್ತಿ ಹಿಡಿದುಕೊಳ್ಳಲಾರದು.

ಮೂರನೆಯ ಹಂತವನ್ನೇ ಜನ ಹಾರಿಸುವುದು. 'ಅರ್ಥ ಆಯ್ತಾ?' ಅಂತ ಕೇಳುತ್ತೇವೆ. 'ಆಯ್ತು ಸಾರ್' ಅನ್ನುತ್ತಾರೆ. ಹತ್ತು ಜನರ ಮುಂದೆ ಆಗಲಿಲ್ಲ ಅನ್ನುವ ಧೈರ್ಯ ನಲವತ್ತೈದು ದಾಟಿದವರಿಗೆ ಎಲ್ಲಿಂದ ಬರಬೇಕು? ಅದಕ್ಕೇ ಆ ಪ್ರಶ್ನೆಯನ್ನು ಕೇಳಲೇಬಾರದು. ಅವರ ಕೈಯಲ್ಲಿ ಮಾಡಿಸಬೇಕು. ಮೊದಲ ಸಲ ತಪ್ಪು ಆದಲ್ಲಿ ತಕ್ಷಣ ತಿದ್ದಬೇಕು, ತಪ್ಪೇ ಕೈಗೆ ರೂಢಿಯಾಗಲು ಬಿಡಬಾರದು. ಎರಡನೇ ಸಲ ಮಾಡುವಾಗ ಅವರೇ ಗುಟ್ಟುಗಳನ್ನು ಬಾಯಿಬಿಟ್ಟು ಹೇಳುತ್ತಾ ಮಾಡಬೇಕು. ಅವರಿಗೆ ಬಂದಿದೆ ಅಂತ ಅವರು ಹೇಳಿದರೆ ಸಾಲದು, ನಿಮಗೆ ಖಾತ್ರಿ ಆಗಬೇಕು. ಅಲ್ಲಿಯವರೆಗೆ ಬಿಡುವ ಹಾಗಿಲ್ಲ. ಬಿಟ್ಟ ಮೇಲೂ, ಡೌಟ್ ಬಂದರೆ ಯಾರನ್ನು ಕೇಳಬೇಕು ಅಂತ ಒಬ್ಬರನ್ನು ತೋರಿಸಿಯೇ ಹೋಗಬೇಕು. ಮೊದಲು ಆಗಾಗ ಬಂದು ನೋಡಿ, ಆಮೇಲೆ ಬರುವುದನ್ನು ಕಡಿಮೆ ಮಾಡುತ್ತಾ ಹೋಗಬೇಕು.

ದೊಡ್ಡವರು ಬೇರೆಯಾ?

ದೊಡ್ಡವರ ಕಲಿಕೆಗೆ 'ಆಂಡ್ರಗಾಜಿ' ಅಂತ ಒಂದು ಹೆಸರಿದೆ. 1833ರಲ್ಲಿ ಜರ್ಮನಿಯ ಮೇಷ್ಟರೊಬ್ಬರು, ಅಲೆಕ್ಸಾಂಡರ್ ಕಾಪ್, ಇದನ್ನು ಮೊದಲು ಬಳಸಿದರು. ಎಲ್ಲ ಕಡೆ ಹಬ್ಬಿಸಿದವರು ಅಮೆರಿಕದ ಮಾಲ್ಕಂ ನೋಲ್ಸ್, 1960ರ ದಶಕದ ಕೊನೆಯಿಂದ. ಅವರು ಹೇಳಿದ್ದರ ಸಾರ ಇಷ್ಟು. ದೊಡ್ಡವರಿಗೆ ಇದನ್ನು ಯಾಕೆ ಕಲಿಯಬೇಕು ಅನ್ನುವುದು ಮೊದಲು ಗೊತ್ತಾಗಬೇಕು. ಅವರು ಖಾಲಿ ಕೈಯಲ್ಲಿ ಬರುವುದಿಲ್ಲ, ಅನುಭವದ ಗಂಟು ಹೊತ್ತು ಬರುತ್ತಾರೆ. ತಮ್ಮ ವಿಷಯವನ್ನು ತಾವೇ ತೀರ್ಮಾನ ಮಾಡಿ ರೂಢಿಯಾದವರನ್ನು ಮಕ್ಕಳ ಹಾಗೆ ನಡೆಸಿಕೊಂಡರೆ ಮುಖ ಮುರಿದುಕೊಳ್ಳುತ್ತಾರೆ. ಇವತ್ತಿನ ತೊಂದರೆಗೆ ಇವತ್ತೇ ಉಪಯೋಗಕ್ಕೆ ಬರುವುದಾದರೆ ಕಲಿಯುತ್ತಾರೆ, ಮುಂದೆ ಯಾವತ್ತೋ ಬೇಕಾಗಬಹುದು ಅಂದರೆ ಕಲಿಯುವುದಿಲ್ಲ.

ಇದೆಲ್ಲ ನಿಜವೇ. ಆದರೆ ತರಬೇತಿ ಕೊಡುವವರ ಬಾಯಲ್ಲಿ ಇದು ಈಗ ಮಂತ್ರದ ಹಾಗಾಗಿದೆ, ಅದು ನನಗೆ ಹಿಡಿಸುವುದಿಲ್ಲ. ದೊಡ್ಡವರು ತಾವೇ ಕಂಡುಕೊಳ್ಳುತ್ತಾರೆ, ನಾವು ಬರೀ ದಾರಿ ತೋರಿಸಿದರೆ ಸಾಕು ಅಂತ ಹೊಸಬರ ಕೈಗೆ ಕೆಲಸ ಕೊಟ್ಟು ಗುಂಪು ಚರ್ಚೆಗೆ ಕೂರಿಸುತ್ತಾರೆ. ಏನೂ ಗೊತ್ತಿಲ್ಲದ ನಾಲ್ಕು ಜನ ಸೇರಿ ಚರ್ಚೆ ಮಾಡಿದರೆ ಏನು ಹುಟ್ಟುತ್ತದೆ? ಆ ವಿಷಯಕ್ಕೆ ಹೊಸಬರಾದವರಿಗೆ, ವಯಸ್ಸು ಹದಿನೆಂಟಿರಲಿ ಐವತ್ತೆಂಟಿರಲಿ, ಮೊದಲು ಮಾಡಿ ತೋರಿಸಬೇಕು. ಪಳಗಿದವರಿಗೆ ಮಾತ್ರ ಅದೇ ವಿವರಣೆ ಅಡ್ಡಿಯಾಗುತ್ತದೆ, ಅವರಿಗೆ ಸಮಸ್ಯೆ ಕೊಟ್ಟು ಬಿಟ್ಟುಬಿಡುವುದೇ ಮೇಲು. ಇದನ್ನು ಕಲಿಕೆಯ ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ನೋಲ್ಸ್ ಕೂಡ ಮೊದಲು ದೊಡ್ಡವರ ಕಲಿಕೆ ಮತ್ತು ಮಕ್ಕಳ ಕಲಿಕೆ ಒಂದಕ್ಕೊಂದು ವಿರುದ್ಧ ಅನ್ನುವಂತೆ ಬರೆದಿದ್ದರು. 1980ರ ಹೊತ್ತಿಗೆ ಅದನ್ನು ತಿದ್ದಿಕೊಂಡು, ಒಂದರಿಂದ ಇನ್ನೊಂದಕ್ಕೆ ಸಾಗುವ ದಾರಿ ಅಂತ ಮಾಡಿದರು.

ಅನುಭವ ಅನ್ನುವುದೂ ಬರೀ ಆಸ್ತಿಯಲ್ಲ. ಇಪ್ಪತ್ತು ವರ್ಷ ಕ್ಲಚ್ ಒತ್ತಿ ಕಾರು ಓಡಿಸಿದವರನ್ನು ಆಟೊಮ್ಯಾಟಿಕ್ ಕಾರಿನಲ್ಲಿ ಕೂರಿಸಿ ನೋಡಿ. ಸಿಗ್ನಲ್ ಹತ್ತಿರ ಬಂತು ಅಂದರೆ ಎಡಗಾಲು ತಾನಾಗಿ ಕ್ಲಚ್ ಹುಡುಕುತ್ತದೆ. ಸಿಗುವುದು ಬ್ರೇಕು. ಹಿಂದಿನ ಸೀಟಿನವರ ಹಣೆ ಮುಂದಿನ ಸೀಟಿಗೆ! ಕಾರೇ ಗೊತ್ತಿಲ್ಲದವರಿಗೆ ಈ ತೊಂದರೆ ಇಲ್ಲ. ಕ್ಲಚ್ ರೂಢಿಯಾದವರಿಗೆ ಹೊಸದನ್ನು ಹೇಳಿಕೊಟ್ಟರೆ ಸಾಲದು, ಹಳೆಯದು ಎಲ್ಲಿ ಅಡ್ಡ ಬರುತ್ತದೆ ಅಂತ ಮೊದಲೇ ತೋರಿಸಬೇಕು. ಎಡಗಾಲನ್ನು ಸೀಟಿನ ಕಡೆಗೆ ಎಳೆದಿಟ್ಟುಕೊಳ್ಳಿ, ಅಲ್ಲಿಂದ ಅಲ್ಲಾಡಿಸಬೇಡಿ. ಇದೂ ಬಲಗಡೆಯ ಸಾಲೇ.

ಮಧ್ಯೆ ಒಂದು ಮಾತು. ಓದಿದ್ದರಲ್ಲಿ ಶೇಕಡಾ 10 ನೆನಪಿರುತ್ತದೆ, ಕೇಳಿದ್ದರಲ್ಲಿ 20, ಮಾಡಿದ್ದರಲ್ಲಿ 90 ಅನ್ನುವ ಗೋಪುರದ ಚಿತ್ರವನ್ನು ಎಲ್ಲಾದರೂ ನೋಡಿರುತ್ತೀರಿ. ಆ ಅಂಕಿಗಳ ಹಿಂದೆ ಯಾವ ಪ್ರಯೋಗವೂ ಇಲ್ಲ. ಎಡ್ಗರ್ ಡೇಲ್ 1946ರಲ್ಲಿ ಬರೆದ ಚಿತ್ರವೊಂದಕ್ಕೆ ಯಾರೋ ಆಮೇಲೆ ಸೇರಿಸಿದವು, ಡೇಲ್ ಚಿತ್ರದಲ್ಲಿ ಅಂಕಿಯೇ ಇರಲಿಲ್ಲ. ಒಬ್ಬೊಬ್ಬರದ್ದು ಒಂದೊಂದು ಶೈಲಿ, ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು ಅನ್ನುವುದೂ ಹಾಗೆಯೇ. ಶೈಲಿಗೆ ತಕ್ಕಂತೆ ಕಲಿಸಿದರೆ ಜಾಸ್ತಿ ಕಲಿಯುತ್ತಾರೆ ಅನ್ನಲು ಸರಿಯಾದ ಪುರಾವೆ ಇಲ್ಲ ಅಂತ 2008ರಲ್ಲೇ ನಾಲ್ವರು ಮನಶ್ಶಾಸ್ತ್ರಜ್ಞರು ತಡಕಾಡಿ ನೋಡಿ ಬರೆದಿದ್ದಾರೆ.

ಪೋಸ್ಟ್‌ಮ್ಯಾನ್‌ಗಳಿಗೆ ಬೇಡವಾದ ಟೈಮ್ ಟೇಬಲ್

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ ಇಂಗ್ಲೆಂಡಿನದು. ಅಲ್ಲಿನ ಅಂಚೆ ಇಲಾಖೆ ಪೋಸ್ಟ್‌ಕೋಡ್ ನೋಡಿ ಕಾಗದ ವಿಂಗಡಿಸುವ ಯಂತ್ರ ತಂದಿತ್ತು. ಅದಕ್ಕೆ ಕೋಡ್ ಒತ್ತುವವರು ಬೇಕು. ಅಂದರೆ ಪೋಸ್ಟ್‌ಮ್ಯಾನ್‌ಗಳಿಗೆ ಟೈಪಿಂಗ್ ಕಲಿಸಬೇಕು. ದಿನಕ್ಕೆ ಎಷ್ಟು ಹೊತ್ತು ಕೂರಿಸಿದರೆ ಒಳ್ಳೆಯದು? ಅಲನ್ ಬ್ಯಾಡಲಿ ಮತ್ತು ಲಾಂಗ್‌ಮನ್ ಅನ್ನುವ ಇಬ್ಬರು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ. ಎರಡಕ್ಕೆ ದಿನಕ್ಕೆ ಎರಡು ಗಂಟೆ, ಒಂದು ಗುಂಪು ಒಟ್ಟಿಗೆ, ಇನ್ನೊಂದು ಬಿಡಿಸಿ. ಕೊನೆಯ ಗುಂಪಿಗೆ ಎರಡು ಗಂಟೆಯ ಎರಡು ಪಾಠ, ಒಟ್ಟು ನಾಲ್ಕು ಗಂಟೆ.

1978ರಲ್ಲಿ ಅವರು ಬರೆದ ಫಲಿತಾಂಶ ಹೀಗಿದೆ. ದಿನಕ್ಕೆ ಒಂದೇ ಗಂಟೆ ಕೂತವರು ಸುಮಾರು 55 ಗಂಟೆಯಲ್ಲಿ ಕಲಿತದ್ದನ್ನು, ನಾಲ್ಕು ಗಂಟೆಯವರು 80 ಗಂಟೆ ಕೂತು ಕಲಿತರು. ತಿಂಗಳುಗಳ ಮೇಲೆ ಮತ್ತೆ ನೋಡಿದಾಗ ನಾಲ್ಕು ಗಂಟೆಯವರ ಕೈಯಲ್ಲಿ ಉಳಿದದ್ದೂ ಕಡಿಮೆ. ಇದರ ಬೇರು ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರಲ್ಲಿದೆ. ಕಲಿತದ್ದು ಮೊದಲ ಗಂಟೆಗಳಲ್ಲೇ ಸರಸರ ಅಂತ ಸೋರಿಹೋಗುತ್ತದೆ, ಬಿಡುವು ಕೊಟ್ಟು ಮತ್ತೆ ಮುಟ್ಟಿದಷ್ಟೂ ಸೋರಿಕೆ ನಿಧಾನವಾಗುತ್ತದೆ.

ಆದರೆ ನನಗೆ ಇಷ್ಟವಾದದ್ದು ಅದಲ್ಲ. ಯಾರಿಗೆ ತಮ್ಮ ತರಬೇತಿ ಎಷ್ಟು ಹಿಡಿಸಿತು ಅಂತಲೂ ಕೇಳಿದ್ದರು. ಎಲ್ಲರಿಗಿಂತ ಕಡಿಮೆ ಖುಷಿಯಾಗಿದ್ದವರು ದಿನಕ್ಕೆ ಒಂದು ಗಂಟೆಯವರು! ಚೆನ್ನಾಗಿ ಕಲಿತವರೇ ಅವರು. ಆದರೆ ಪಕ್ಕದ ಗುಂಪು ದಿನದ ಲೆಕ್ಕದಲ್ಲಿ ಮುಂದೆ ಓಡುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಗಂಟೆಯ ಲೆಕ್ಕ ಯಾರ ಕಣ್ಣಿಗೂ ಕಾಣುವುದಿಲ್ಲ.

ಹೀಗೆ ಆಗುವುದು ಇದೊಂದು ಕಡೆ ಅಲ್ಲ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಕಾಲೇಜು ಹುಡುಗರಿಗೆ ಒಂದು ಪಾಠ ಕೊಟ್ಟರು. ಕೆಲವರು ನಾಲ್ಕು ಸರದಿಯಲ್ಲೂ ಅದನ್ನೇ ಓದಿದರು. ಕೆಲವರು ಮೊದಲ ಸರದಿಯಲ್ಲಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ಮೇಲೆ ಪರೀಕ್ಷೆ ಮಾಡಿದರೆ ಓದಿದವರೇ ಮುಂದು. ವಾರದ ಮೇಲೆ ಮಾಡಿದರೆ ತಿರುಗುಮುರುಗು. ಓದುತ್ತಲೇ ಇದ್ದವರಿಗೆ ನೆನಪಿದ್ದದ್ದು ಸುಮಾರು ಶೇಕಡಾ 40, ನೆನಪು ಮಾಡಿಕೊಂಡು ಬರೆದವರಿಗೆ 61. ನಮಗೆ ಚೆನ್ನಾಗಿ ನೆನಪಿರುತ್ತದೆ ಅಂತ ಜಾಸ್ತಿ ಭರವಸೆ ಇದ್ದದ್ದು ಯಾರಿಗೆ? ಓದುತ್ತಲೇ ಇದ್ದವರಿಗೆ.

ಕಲಿಯುತ್ತಿದ್ದೇನೆ ಅನ್ನಿಸುವುದೇ ಬೇರೆ, ಕಲಿಯುವುದೇ ಬೇರೆ. ಎಷ್ಟೋ ಸಲ ಎರಡೂ ಎದುರುಬದುರು ನಿಂತಿರುತ್ತವೆ. ಒಂದೇ ದಿನ ಎಂಟು ಗಂಟೆ ಕೂರಿಸಿ, ನುಣ್ಣಗೆ ಮಾತಾಡಿ, ಎಲ್ಲವನ್ನೂ ಒಪ್ಪವಾಗಿ ತೋರಿಸಿದರೆ ಜನಕ್ಕೆ ಖುಷಿಯಾಗುತ್ತದೆ. ವಾರಕ್ಕೆರಡು ಸಲ ಅರ್ಧ ಗಂಟೆ ಕರೆದು, ಹೋದ ಸಲದ್ದನ್ನು ನೋಡದೆ ಮಾಡಿ ತೋರಿಸಿ ಅಂದರೆ ಬೇಜಾರಾಗುತ್ತದೆ, ತಡವರಿಸುತ್ತಾರೆ, ತಮಗೇನೂ ಬರುತ್ತಿಲ್ಲ ಅನ್ನಿಸುತ್ತದೆ. ಕೈಯಲ್ಲಿ ಉಳಿಯುವುದು ಎರಡನೆಯದು.

ಹೀಗಿರುವಾಗ ತರಬೇತಿ ಮುಗಿದ ತಕ್ಷಣ ಫೀಡ್‌ಬ್ಯಾಕ್ ಫಾರಂ ಹಂಚಿ, ಐದಕ್ಕೆ ಎಷ್ಟು ಮಾರ್ಕ್ಸ್ ಅಂತ ಕೇಳುವುದರಲ್ಲಿ ಏನು ಅರ್ಥ? ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅನ್ನುವವರು 1959ರಲ್ಲೇ ತರಬೇತಿಯನ್ನು ಅಳೆಯುವ ನಾಲ್ಕು ಮೆಟ್ಟಿಲು ಹೇಳಿದ್ದರು. ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ಬಳಸಿದರಾ, ಅದರಿಂದ ಏನಾದರೂ ಲಾಭವಾಯಿತಾ. ಹೆಚ್ಚಿನ ಕಂಪನಿಗಳು ಮೊದಲ ಮೆಟ್ಟಿಲಲ್ಲೇ ಚಪ್ಪಲಿ ಬಿಟ್ಟು ವಾಪಸ್ ಬರುತ್ತವೆ. ಆ ಬೆಂಕಿಯ ತರಬೇತಿಗೆ ನಾನೇ ಐದಕ್ಕೆ ನಾಲ್ಕೂವರೆ ಕೊಟ್ಟಿದ್ದೆ. ಸಮೋಸ ಚೆನ್ನಾಗಿತ್ತು.

ಲಾಭ ಯಾರಿಗೆ?

ನಾಲ್ಕನೇ ಮೆಟ್ಟಿಲವರೆಗೂ ಹತ್ತಿ ಅಳೆದ ಒಂದು ತರಬೇತಿ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. ಗಾರ್ಮೆಂಟ್ ಕೆಲಸದ ಹೆಂಗಸರಿಗಾಗಿ ಅಮೆರಿಕದ ಬಟ್ಟೆ ಕಂಪನಿ ಗ್ಯಾಪ್ 2007ರಲ್ಲಿ ಶುರು ಮಾಡಿದ 'ಪೇಸ್' ಅನ್ನುವ ಯೋಜನೆ ಅದು. ಹೊಲಿಗೆ ಕಲಿಸುವುದಲ್ಲ. ಮಾತಾಡುವುದು, ಸಮಯ ಹೊಂದಿಸುವುದು, ತೊಂದರೆ ಬಂದರೆ ಬಿಡಿಸಿಕೊಳ್ಳುವುದು, ಹಣದ ಲೆಕ್ಕ, ಇಂಥವು. ಒಂದೇ ಸಲ ಸುರಿಯದೆ, ಸುಮಾರು ಒಂದು ವರ್ಷ, ವಾರಕ್ಕೆ ಎರಡು ಗಂಟೆಯಂತೆ. 2013ರಲ್ಲಿ ಇಲ್ಲಿನ ಐದು ಫ್ಯಾಕ್ಟರಿಗಳಲ್ಲಿ, ಸೇರಲು ಹೆಸರು ಕೊಟ್ಟವರಲ್ಲಿ ಲಾಟರಿ ಎತ್ತಿ ಕೆಲವರಿಗೆ ಕೊಟ್ಟು, ಉಳಿದವರ ಜೊತೆ ಹೋಲಿಸಿ ನೋಡಿದರು.

ಲೈನಿನಲ್ಲಿ ಕೂರುವ ಟೈಲರ್‌ಗೆ ಮಾತು ಕಲಿಸಿ ಏನು ಉಪಯೋಗ ಅನ್ನಿಸಬಹುದು. ಆದರೆ ಗಾರ್ಮೆಂಟ್ ಲೈನ್ ಅಂದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಪೀಸ್ ಹರಿಯುವ ಜಾಗ. ಮಿಷನ್ ಸರಿಯಿಲ್ಲ ಅಂತ ಹೇಳಲು ಹೆದರಿ ಒಬ್ಬರು ಸುಮ್ಮನಿದ್ದರೆ ಹಿಂದೆ ರಾಶಿ ಬೀಳುತ್ತದೆ. ತರಬೇತಿ ಮುಗಿದ ಮೇಲೆ ಕಲಿತವರ ಉತ್ಪಾದನೆ ಉಳಿದವರಿಗಿಂತ ಶೇಕಡಾ 13.5ರಷ್ಟು ಜಾಸ್ತಿ ಇತ್ತು. ಖರ್ಚು ಕಳೆದು ಕಂಪನಿಗೆ ಬಂದ ಲಾಭ, ತರಬೇತಿ ಮುಗಿದು ಎಂಟು ತಿಂಗಳಾಗುವಷ್ಟರಲ್ಲಿ ಹಾಕಿದ ದುಡ್ಡಿನ ಎರಡೂವರೆ ಪಟ್ಟಿಗೂ ಮೇಲೆ.

ಆ ಹೆಂಗಸರ ಸಂಬಳ ಎಷ್ಟು ಏರಿತು? ಶೇಕಡಾ 0.5.

ಸಂಶೋಧಕರು ಈ ಅಂಕಿಯನ್ನು ಮುಚ್ಚಿಟ್ಟಿಲ್ಲ, ಮೊದಲ ಪುಟದಲ್ಲೇ ಬರೆದಿದ್ದಾರೆ. ಗಳಿಕೆಯ ಬಹುಪಾಲು ಕಂಪನಿಗೇ ಉಳಿಯಿತು ಅಂತಲೂ ಹೇಳಿದ್ದಾರೆ. ದೊಡ್ಡವರು ಕಲಿಯುವ ಮುಂಚೆ ಯಾಕೆ ಅಂತ ಕೇಳುತ್ತಾರೆ ಅಂದರಲ್ಲ ನೋಲ್ಸ್, ಆ ಯಾಕೆಗೆ ನಾವು ಸಾಮಾನ್ಯವಾಗಿ ಕಂಪನಿಯ ಕಡೆಯ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಕ್ವಾಲಿಟಿ ಏರುತ್ತದೆ, ಆಲ್ಟರ್, ಅಂದರೆ ತಪ್ಪಾದ ಪೀಸ್ ಬಿಚ್ಚಿ ಸರಿ ಮಾಡುವ ಕೆಲಸ, ಕಡಿಮೆಯಾಗುತ್ತದೆ, ಟಾರ್ಗೆಟ್ ಮುಟ್ಟುತ್ತದೆ. ಎದುರಿಗೆ ಕೂತ ಹೆಂಗಸು ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿರುವುದು ಇದನ್ನಲ್ಲ. ಬೇಗ ಕಲಿತರೆ ನನಗೆ ಗ್ರೇಡ್ ಏರುತ್ತದಾ, ಇಲ್ಲ ಟಾರ್ಗೆಟ್ ಮಾತ್ರ ಏರುತ್ತದಾ? ಟಾರ್ಗೆಟ್ ಮಾತ್ರ ಏರುತ್ತದೆ ಅಂತ ಅವರು ಹತ್ತು ವರ್ಷದಲ್ಲಿ ನೋಡಿ ತಿಳಿದಿದ್ದರೆ, ನಿಧಾನಕ್ಕೆ ಕಲಿಯುವುದೇ ಅವರ ಜಾಣತನ. ಅದನ್ನು ನಾವು ಕಲಿಯುವ ಆಸಕ್ತಿ ಇಲ್ಲ ಅಂತ ಬರೆದುಕೊಳ್ಳುತ್ತೇವೆ.

ಹೊಗೆ ಬಂದ ಆ ಪ್ರಸಂಗ ಆದ ಮುಂದಿನ ವಾರ ನಮ್ಮ ಸೆಕ್ಯೂರಿಟಿಯವರು, ಸೇನೆಯಿಂದ ನಿವೃತ್ತರಾದವರು, ನಮ್ಮನ್ನೆಲ್ಲ ಕಟ್ಟಡದ ಹಿಂದಿನ ಬಯಲಿಗೆ ಕರೆದುಕೊಂಡು ಹೋದರು. ವಾಯಿದೆ ಮುಗಿಯುತ್ತಿದ್ದ ನಾಲ್ಕು ಸಿಲಿಂಡರ್ ಅಲ್ಲಿದ್ದವು. ಹಳೇ ಟ್ರೇಯಲ್ಲಿ ಬೆಂಕಿ ಹಾಕಿದರು. ಸ್ಲೈಡ್ ಇಲ್ಲ, ಟೀ ಇಲ್ಲ, ಬಿಸಿಲು ಬೇರೆ. ನಮ್ಮ ಪಕ್ಕದಲ್ಲೇ ನಿಂತು ಒಂದು ಸಲ ಮಾಡಿ ತೋರಿಸಿದರು. 'ಹಿಡಿ ಬಿಟ್ಟು ಪಿನ್ ಎಳೀರಿ ಸಾರ್, ಒತ್ಕೊಂಡು ಎಳೆದ್ರೆ ಬರಲ್ಲ' ಅಂದರು. ಆಮೇಲೆ ಒಬ್ಬೊಬ್ಬರ ಕೈಗೂ ಸಿಲಿಂಡರ್ ಕೊಟ್ಟು, ಏನು ಮಾಡುತ್ತಿದ್ದೇವೆ ಅಂತ ಜೋರಾಗಿ ಹೇಳುತ್ತಾ ಮಾಡಿಸಿದರು. ನನ್ನ ಸರದಿಯಲ್ಲಿ ನಾನು ಜ್ವಾಲೆಯ ತುದಿಗೆ ಗುರಿ ಇಟ್ಟೆ. ಅವರು ನನ್ನ ಮಣಿಕಟ್ಟು ಹಿಡಿದು ಕೆಳಗೆ ಬಗ್ಗಿಸಿದರು, ಬುಡಕ್ಕೆ. ಪುಡಿ ಬುಸ್ ಅಂತ ಹೋಗಿ ಬೆಂಕಿ ಕೂತಿತು. ಪ್ಯಾಂಟೆಲ್ಲ ಬೆಳ್ಳಗಾಗಿತ್ತು. ಸಹಿ ಹಾಕಿಸಿಕೊಳ್ಳಲು ಅವರ ಹತ್ತಿರ ರಿಜಿಸ್ಟರ್ ಇರಲಿಲ್ಲ.